ಏಳನೆಯ ಕುಳಿಯ ಗಂಟೆ

2014ರ ಸೆಪ್ಟೆಂಬರ್ 11, ಗುರುವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಡಲದಂಡೆಯ ಊರು ಕಿನ್‌ಹ್ಯಾರೊದ ಪೊಲೀಸ್ ಠಾಣೆಗೆ ಬಂದ ಇಷ್ಬೆಲ್ ಗೌರ್ಲೆ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಎರಡು ದಿನದ ಹಿಂದೆ ಆಕೆಯ ಗಂಡ ರಾಬ್ ಊರಿನ ಗಾಲ್ಫ್ ಮೈದಾನದಲ್ಲಿ ಸತ್ತಿದ್ದ. ಇಪ್ಪತ್ತೊಂಬತ್ತು ವರ್ಷ ಅದೇ ಮೈದಾನದ ಹುಲ್ಲು ನೋಡಿಕೊಂಡವನು. ಏಳನೆಯ ಕುಳಿಯ ಪಕ್ಕದ ಮರಳುಗುಂಡಿಯಲ್ಲಿ ಮೊಣಕಾಲೂರಿ ಕುಸಿದ ಅಂಚು ಕಟ್ಟುತ್ತಿದ್ದಾಗ ದಿಬ್ಬದ ಆಚೆಯಿಂದ ಹಾರಿಬಂದ ಚೆಂಡು ಕಣತಲೆಗೆ ಬಡಿದಿತ್ತು. ಠಾಣೆಯ ಪುಸ್ತಕದಲ್ಲಿ ಆಕಸ್ಮಿಕ ಸಾವು ಎಂದು ಬರೆದಾಗಿತ್ತು.

"ಆಕಸ್ಮಿಕ ಅಂತ ಬರೆದೋರು ಯಾರು?" ಎಂದಳು ಇಷ್ಬೆಲ್.

ಇನ್ಸ್‌ಪೆಕ್ಟರ್ ಲಾಕ್ಲನ್ ಇಮ್ರಿ ಮಂಗಳವಾರ ರಜೆಯಲ್ಲಿದ್ದ. ಸ್ಥಳಕ್ಕೆ ಹೋಗಿದ್ದ ಕಾನ್‌ಸ್ಟೇಬಲ್ ಮೋರ್ವೆನ್ ಯೂಲ್ ಬಾಗಿಲ ಬಳಿಯೇ ನಿಂತಿದ್ದಳು. ಬರೆದದ್ದು ತಾನೇ ಎಂದು ಅವಳು ಮೆಲ್ಲಗೆ ಹೇಳಿದಳು.

"ಹಾಗಾದ್ರೆ ಇದನ್ನೂ ಬರ್ಕೊ. ಆ ಕುಳಿ ದಿಬ್ಬದ ಹಿಂದಿದೆ. ಈಚೆಯಿಂದ ಹೊಡೆಯೋರಿಗೆ ಆಚೆ ಯಾರಿದಾರೆ ಅಂತ ಕಾಣಲ್ಲ. ಅದಕ್ಕೇ ಅಲ್ಲಿ ಗಂಟೆ ಕಟ್ಟಿರೋದು. ಆಡಿ ಮುಗಿಸಿದೋರು, ಅಲ್ಲಿ ಯಾರೂ ಇಲ್ಲ ಅಂತ ನೋಡ್ಕೊಂಡು ಬಾರಿಸಿ ಹೋಗ್ಬೇಕು. ಬಾರಿಸಿದ್ಮೇಲೇ ಹಿಂದಿನೋರು ಹೊಡೀಬೇಕು. ಹಿಂದಿದ್ದ ಇಬ್ರೂ ನಿನ್ನೆ ನನ್ ಮನೇಗ್ ಬಂದು ಅತ್ತರು. ಗಂಟೆ ಕೇಳಿಸ್ತು ಅಂದ್ರು. ನನ್ ಗಂಡ ಗುಂಡಿ ಒಳಗಿರೋವಾಗ ಗಂಟೆ ಬಾರಿಸಿದ್ದು ಯಾರು? ನಂಗೆ ಅಷ್ಟು ಹೇಳಿ."

ಇಮ್ರಿ ಯೂಲ್ ಕಡೆ ನೋಡಿದ. ಗಂಟೆಯ ಬಗ್ಗೆ ಯಾರನ್ನೂ ಕೇಳಿರಲಿಲ್ಲ. ಚೆಂಡು ಹೊಡೆದವರ ಹೆಸರು, ಗಾಯದ ಅಳತೆ, ಆಂಬುಲೆನ್ಸ್ ಬಂದ ಸಮಯ, ಎಲ್ಲ ಇತ್ತು. ಗಂಟೆ ಇರಲಿಲ್ಲ. ಒಂಬತ್ತು ನಲವತ್ತಕ್ಕೆ ಅವನು ದೂರನ್ನು ತನ್ನ ಕೈಯಲ್ಲೇ ಬರೆದು ಇಷ್ಬೆಲ್‌ಗೆ ಓದಿ ಹೇಳಿದ. ಅವಳು ನಿಂತೇ ಸಹಿ ಹಾಕಿದಳು.

ಅವಳು ಹೋದ ಮೇಲೆ ಇಮ್ರಿ ಮಂಗಳವಾರದ ಮಹಜರನ್ನು ಎರಡು ಸಲ ಓದಿದ. ಘಟನೆಯ ಸಮಯ ಬೆಳಿಗ್ಗೆ ಹತ್ತು ನಲವತ್ತು. ಆ ಹೊತ್ತಿಗೆ ಏಳನೆಯ ಕುಳಿ ಆಡಿ ಮುಗಿಸಿದ್ದವರು ಹಾಲೆಂಡಿನಿಂದ ಬಂದಿದ್ದ ಇಬ್ಬರು, ಅವರ ಚೀಲ ಹೊತ್ತ ಇಬ್ಬರು ಕ್ಯಾಡಿಗಳು. ಒಬ್ಬ ಡಾಡ್ ಲೌನಿ, ಅರವತ್ತೇಳು ವರ್ಷ. ಇನ್ನೊಬ್ಬಳು ಎಫಿ ಮಂಕರ್, ಇಪ್ಪತ್ತಮೂರು. ಕೊನೆಯಲ್ಲಿ ಯೂಲ್ ಒಂದು ಸಾಲು ಸೇರಿಸಿದ್ದಳು: ಎಂಟನೆಯ ಕುಳಿಗೆ ಮೊದಲ ಹೊಡೆತ ಹೊಡೆಯುವ ದಿಬ್ಬದ ಮೇಲೆ ಗಾಲ್ಫ್ ಕೋಲುಗಳ ಚೀಲವೊಂದು ಅಡ್ಡ ಬಿದ್ದಿದೆ, ಒಂದು ಕೋಲು ಮುರಿದಿದೆ.

"ಇದನ್ನ ಯಾಕೆ ಬರೆದೆ?"

"ಕಂಡಿತು ಸರ್, ಬರೆದೆ."

*

ಕ್ಯಾಡಿಗಳ ಶೆಡ್ಡು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿತ್ತು. ತಗಡಿನ ಸೂರು, ಒಳಗೆ ಉದ್ದನೆಯ ಎರಡು ಬೆಂಚು, ನಡುವೆ ಮೇಜು, ಕುದಿಯುವ ಕೆಟಲು, ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಹೆಸರಿನ ಬಿಲ್ಲೆಗಳು. ಇಪ್ಪತ್ತೆರಡು ಗಂಡಸರು, ಒಬ್ಬಳು ಹುಡುಗಿ. ಅವಳ ಬಿಲ್ಲೆ ಎಲ್ಲಕ್ಕಿಂತ ಕೆಳಗಿತ್ತು.

ಇಮ್ರಿಯ ಹಿಂದೆ ಯೂಲ್ ಒಳಗೆ ಬಂದದ್ದನ್ನು ನೋಡಿ, ಬನ್ನು ತಿನ್ನುತ್ತಿದ್ದವನೊಬ್ಬ, "ಇನ್ಸ್‌ಪೆಕ್ಟ್ರೂ ಆಡೋಕ್ ಬಂದ್ರಾ? ಚೀಲ ಹೊರೋಕೆ ಹುಡುಗೀನ ಜೊತೇಲೇ ಕರ್ಕೊಂಡ್ ಬಂದಿದಾರೆ" ಎಂದ. ನಾಲ್ಕಾರು ಜನ ನಕ್ಕರು.

"ನಿಮ್ಮನ್ನೂ ಹೊತ್ಕೊಂಡ್ ಹೋಗ್ತೀನಿ, ಠಾಣೆವರೆಗೆ" ಎಂದಳು ಯೂಲ್. ಈ ಸಲ ಇನ್ನೂ ಹೆಚ್ಚು ಜನ ನಕ್ಕರು.

ಕ್ಯಾಡಿಗಳಿಗೆ ಸರದಿ ಹಂಚುವ ಮೇಸ್ತ್ರಿ ವಾಟಿ ಸ್ಪಿಂಕ್ ಎಲ್ಲರನ್ನೂ ಸುಮ್ಮನಾಗಿಸಿದ. ಮಂಗಳವಾರ ಏಳನೆಯ ಕುಳಿಯಲ್ಲಿ ಗಂಟೆ, ಎಂದು ಇಮ್ರಿ ಮಾತು ತೆಗೆದನಷ್ಟೆ.

"ಬಾರಿಸಿದ್ದು ನಾನು."

ಬೆಂಚಿನ ತುದಿಯಲ್ಲಿದ್ದ ಹುಡುಗಿ ಎದ್ದು ನಿಂತಿದ್ದಳು. ತೆಳ್ಳಗಿನ ಮೈ, ಗಾಳಿಗೆ ಒಡೆದ ತುಟಿ. ಅವಳು ಇಮ್ರಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಹಿಂದಿನಿಂದ ಯಾರೋ, ನಾನು ಅವತ್ತೇ ಹೇಳಿದ್ದೆ, ಹೆಂಗಸರನ್ನ ಸೇರಿಸ್ಬೇಡಿ ಅಂತ, ಎಂದು ಗೊಣಗಿದ. ಅವಳ ಪಕ್ಕದಲ್ಲಿ ಕೂತಿದ್ದ ಡಾಡ್ ಲೌನಿಯ ಕೈಯಲ್ಲಿದ್ದ ಟೀ ಲೋಟ ಬಾಯಿಯ ತನಕ ಹೋಗಿ ನಿಂತಿತು. ಆಮೇಲೆ ಅವನು ಕಿರುಬೆರಳಿನಿಂದ ಮೇಜಿನ ಅಂಚನ್ನು ಮುಟ್ಟಿ ನೋಡಿ ಲೋಟವನ್ನು ಕೆಳಗಿಟ್ಟ.

ಇಮ್ರಿ ಅದನ್ನು ನೋಡಿದ. ಆದರೆ ಅದಕ್ಕೊಂದು ಅರ್ಥವಿದೆಯೆಂದು ಆಗ ಅವನಿಗೆ ಅನ್ನಿಸಲಿಲ್ಲ. ವಯಸ್ಸಾದ ಕೈ ಎಂದುಕೊಂಡ.

ಠಾಣೆಯಲ್ಲಿ ಹನ್ನೆರಡು ಇಪ್ಪತ್ತರಿಂದ ಒಂದು ಗಂಟೆಯವರೆಗೆ ಎಫಿಯ ಹೇಳಿಕೆ ಬರೆದುಕೊಂಡರು. ಆಟಗಾರರು ಮುಂದೆ ಹೋದರು. ತಾನು ಬಾವುಟದ ಕೋಲನ್ನು ಕುಳಿಗೆ ಸಿಕ್ಕಿಸಿದೆ. ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿದೆ. ಯಾರೂ ಕಾಣಲಿಲ್ಲ. ಬಾರಿಸಿದೆ.

"ರಾಬ್ ಹಸಿರು ಅಂಗಿ ಹಾಕಿದ್ದ. ಪಕ್ಕದಲ್ಲಿ ಕೆಂಪು ತಳ್ಳುಗಾಡಿ ಇತ್ತು. ಕಾಣಲಿಲ್ವಾ?"

"ಕಾಣಲಿಲ್ಲ."

"ಡಾಡ್ ಎಲ್ಲಿದ್ದ?"

"ಮುಂದೆ ಹೋಗಿದ್ರು."

"ನಿನ್ನ ಚೀಲ?"

"ಹೆಗಲ ಮೇಲೆ."

ಇಮ್ರಿ ಮತ್ತೆ ಮತ್ತೆ ಕೇಳಿದ. ಮೂರು ಸಲವೂ ಅವೇ ಮಾತು, ಅದೇ ಕ್ರಮ, ಒಂದಕ್ಷರ ಆಚೀಚೆ ಇಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಪ್ಪೊಪ್ಪಿಕೊಂಡವರನ್ನು ಅವನು ಸಾಕಷ್ಟು ನೋಡಿದ್ದ. ಅವರೆಲ್ಲ ಮಾತಿನ ನಡುವೆ ಎಲ್ಲೋ ಒಂದು ಕಡೆ ತಮ್ಮ ಪರವಾಗಿ ಏನಾದರೂ ಹೇಳಿಕೊಳ್ಳುತ್ತಿದ್ದರು. ಬಿಸಿಲಿತ್ತು, ಅವಸರವಿತ್ತು, ಇನ್ನೇನೋ. ಈ ಹುಡುಗಿ ಹೇಳಿಕೊಳ್ಳಲಿಲ್ಲ.

ಮೂರು ಗಂಟೆಗೆ ಸರ್ಕಾರಿ ಅಭಿಯೋಜಕರು ಫೋನಿನಲ್ಲಿ ಸಿಕ್ಕರು. ಬೇಜವಾಬ್ದಾರಿಯಿಂದಾದ ನರಹತ್ಯೆ, ಜೈಲು ಆದರೂ ಆದೀತು ಎಂದರು. ಆದರೆ ಇಲ್ಲಿಯ ಕಾನೂನಿನಲ್ಲಿ ಅವಳ ಮಾತೊಂದೇ ಸಾಲದು. ಎರಡನೆಯ ಆಧಾರ ಬೇಕು. ಅವಳೇ ಬಾರಿಸಿದಳೆಂದು ಕಂಡವರು, ಕೇಳಿದವರು ಯಾರಾದರೂ. ಸೋಮವಾರದೊಳಗೆ ಅದನ್ನು ತನ್ನಿ, ಆರೋಪ ಹೊರಿಸೋಣ.

ಸಂಜೆಯೊಳಗೆ ಸುದ್ದಿ ಊರಿಗೆಲ್ಲ ಹಬ್ಬಿತು. ಎಫಿಯ ತಾಯಿ ಮೀನು ಹೊಗೆಹಾಕುವ ಕಾರ್ಖಾನೆಯಿಂದ ಅರ್ಧ ದಿನಕ್ಕೇ ಮನೆಗೆ ಬಂದಳು. ಸ್ಪಿಂಕ್ ಹುಡುಗಿಯ ಬಿಲ್ಲೆಯನ್ನು ಮೊಳೆಯಿಂದ ತೆಗೆದ. ಇಷ್ಬೆಲ್ ಠಾಣೆಗೆ ಫೋನ್ ಮಾಡಿದಳು.

"ಆ ಹುಡುಗೀನಾ?" ಎಂದಳು. "ಶೆಡ್ಡಲ್ಲಿ ಹೆಂಗಸರಿಗೆ ಕಕ್ಕಸು ಇಲ್ಲ ಅಂತ ಹುಲ್ಲಿನ ಕೆಲಸದೋರ ಕೋಣೆ ಬೀಗದಕೈನ ಅವಳಿಗೆ ಕೊಟ್ಟೋನು ರಾಬ್. ಅಷ್ಟು ಗೊತ್ತಿದ್ದೋಳು, ಅವನು ಇದಾನೋ ಇಲ್ವೋ ಅಂತ ನೋಡ್ಲಿಲ್ವಾ?"

*

ಶುಕ್ರವಾರ ಬೆಳಿಗ್ಗೆ ಇಮ್ರಿ, ಯೂಲ್ ಎರಡನೆಯ ಆಧಾರ ಹುಡುಕಿ ಹೊರಟರು. ಚೆಂಡು ಹೊಡೆದವರಿಗೆ ಗಂಟೆ ಕೇಳಿಸಿತ್ತು. ಬಾರಿಸಿದ ಕೈ ಕಂಡಿರಲಿಲ್ಲ. ಹಾಲೆಂಡಿನವರು ಹನ್ನೆರಡು ಮೈಲಿ ದೂರದ ಹೋಟೆಲಿಗೆ ಹೋಗಿದ್ದರು. ಒಬ್ಬನಿಗೆ ಏನೂ ನೆನಪಿರಲಿಲ್ಲ. ಆಗ ಅವನು ಎಂಟನೆಯ ದಿಬ್ಬದಾಚೆ ಮೂತ್ರಕ್ಕೆ ಹೋಗಿದ್ದ. ಇನ್ನೊಬ್ಬ ಯೋಸ್ಟ್ ಟೆರ್ಪ್‌ಸ್ಟ್ರಾ, ನಿವೃತ್ತ ಹಲ್ಲಿನ ವೈದ್ಯ. ಎಫಿ ಹೊತ್ತಿದ್ದು ಅವನ ಚೀಲ.

ಮುರಿದ ಕೋಲಿನ ಬಗ್ಗೆ ತಾನೇನೂ ದೂರು ಕೊಡುವುದಿಲ್ಲ, ಅಷ್ಟಕ್ಕೆ ಪೊಲೀಸರು ಬರಬೇಕಿರಲಿಲ್ಲ, ಎಂದು ಅವನೇ ಮೊದಲು ಹೇಳಿದ.

"ಕೋಲು ಹೇಗೆ ಮುರಿಯಿತು?"

"ಚೀಲ ಎಸೆದಳಲ್ಲ, ಆಗ."

"ಯಾವಾಗ ಎಸೆದಳು?"

"ಗಂಟೆ ಆದಾಗ." ಅವನು ಕಾಫಿ ಲೋಟವನ್ನು ದೂರ ಸರಿಸಿದ. "ನನ್ನ ಪಕ್ಕದಲ್ಲೇ ನಿಂತಿದ್ದಳು. ಎಂಟನೇ ಕುಳಿಗೆ ಯಾವ ಕಡೆ ಗುರಿ ಇಡಬೇಕು ಅಂತ ಚರ್ಚಿನ ಗೋಪುರ ತೋರಿಸ್ತಾ ಇದ್ದಳು. ಹಿಂದೆ ಗಂಟೆ ಹೊಡೀತು. ಕೈ ಹಾಗೇ ನಿಂತುಬಿಡ್ತು. ಚೀಲ ಕೆಳಗೆ ಬಿತ್ತು. ಓಡಿದಳು."

"ಕೂಗು ಕೇಳಿ ಓಡಿರಬಹುದು."

"ಕೂಗು ಎಲ್ಲಿತ್ತು? ಚೆಂಡು ಇನ್ನೂ ಬಂದಿರಲಿಲ್ಲ. ಅವಳು ಅರ್ಧ ದಾರಿ ಹೋದ ಮೇಲೆ ಚೆಂಡು ಏಳನೇ ಕುಳಿಯ ದಿಬ್ಬದ ಮೇಲಿಂದ ಬಂತು. ನಾನು ನೋಡಿದೆ."

ಯೂಲ್‌ಳ ಪೆನ್ನು ನಿಂತಿತು. ಇಮ್ರಿ ಬರೆ ಎಂದು ಸನ್ನೆ ಮಾಡಿದ.

ಟೆರ್ಪ್‌ಸ್ಟ್ರಾ ತಾನಾಗಿ ಇನ್ನೂ ಹೇಳಿದ. ಕ್ಯಾಡಿಗಳಿಬ್ಬರ ಮಾತು ಕೇಳಿ ತಾವಿಬ್ಬರೂ ದಿನವಿಡೀ ನಕ್ಕಿದ್ದರಂತೆ. ಪ್ರತಿ ಹೊಡೆತಕ್ಕೂ ಹುಡುಗಿ ಮುದುಕನಿಗೆ ಏನೋ ಕೂಗಿ ಹೇಳುವಳು: ಎಡಗಡೆ ಮುದುಕಪ್ಪ, ಮುಳ್ಳುಪೊದೆಯಿಂದ ಎರಡು ಹೆಜ್ಜೆ. ಮುಂದೆ ಕಲ್ಲಿದೆ ಮುದುಕಪ್ಪ, ಕಾಲೆತ್ತು. ಮುದುಕ ಅವಳನ್ನು ಬೈಯುವನು. ಇದು ಈ ಊರಿನ ಕ್ಯಾಡಿಗಳ ತಮಾಷೆಯಿರಬೇಕು ಎಂದುಕೊಂಡಿದ್ದರು.

"ಏಳನೇ ಕುಳಿ ಮುಗಿದಾಗ ಅವಳು ಅವನಿಗಾಗಿ ನಿಂತಿದ್ದಳು. ಬೇಗ ಬಾ ಅಂತ ನಾನೇ ಕರೆದೆ. ಎರಡು ಸಲ ಕರೆದೆ. ಕರೀಬಾರದಾಗಿತ್ತಾ?"

ಇಮ್ರಿ ಹೇಳಿಕೆಗೆ ಸಹಿ ಮಾಡಿಸಿಕೊಂಡು ಎದ್ದ.

*

ಶನಿವಾರ ಎಂಟೂವರೆಗೆ ಅವರು ವಾಟಿ ಸ್ಪಿಂಕ್‌ನನ್ನು ಕರೆದುಕೊಂಡು ಏಳನೆಯ ಕುಳಿಗೆ ಹೋದರು. ಗಂಟೆ ಕಂಬದಿಂದ ಚೀಲ ಬಿದ್ದಿದ್ದ ಜಾಗಕ್ಕೆ ಯೂಲ್ ಹೆಜ್ಜೆ ಎಣಿಸಿದಳು. ತೊಂಬತ್ತನಾಲ್ಕು.

"ಕ್ಯಾಡಿ ಚೀಲ ಎಸೆಯೋದುಂಟಾ?" ಎಂದು ಕೇಳಿದ ಇಮ್ರಿ.

"ಇಡ್ತೀವಿ, ಎಸೆಯಲ್ಲ. ನಮ್ಮಪ್ಪ ಹದಿನಾಲ್ಕನೇ ಕುಳೀಲಿ ಎದೆ ಹಿಡ್ಕೊಂಡು ಹೋದ. ಮೊದಲು ಚೀಲ ಇಳಿಸ್ದ, ಆಮೇಲೆ ಬಿದ್ದ." ಸ್ಪಿಂಕ್ ಚೀಲ ಬಿದ್ದಿದ್ದ ಜಾಗವನ್ನು ನೋಡುತ್ತ ನಿಂತ. ಮಂಗಳವಾರ ಈ ಚೀಲವನ್ನು ಎತ್ತಿಟ್ಟವನು ಅವನೇ. ಅದು ಎಸೆದ ಚೀಲ ಎಂದು ಆಗ ಅವನಿಗೆ ಹೊಳೆದಿರಲಿಲ್ಲ.

ಡಾಡ್ ಬಗ್ಗೆ ಕೇಳಿದಾಗ ಸ್ಪಿಂಕ್‌ನ ಮುಖ ಅರಳಿತು. ಅವನನ್ನು ಎಲ್ಲರೂ ಗಿಡುಗ ಅನ್ನುತ್ತಾರೆ. ನಲವತ್ತು ವರ್ಷದಲ್ಲಿ ಗಿಡುಗ ಒಂದು ಚೆಂಡನ್ನೂ ಕಳೆದವನಲ್ಲ. ಎಲ್ಲಿ ಬಿದ್ದರೂ ಬಿದ್ದ ಜಾಗಕ್ಕೆ ನೇರ ನಡೆದುಹೋಗುವ ಕಣ್ಣು. ಮೂರು ವರ್ಷದ ಹಿಂದೆ ಈ ಹುಡುಗಿ ಬಂದಾಗ ಯಾರೂ ಅವಳ ಜೊತೆ ಹೋಗಲು ಒಪ್ಪಲಿಲ್ಲ. ಗಿಡುಗನೇ ಎದ್ದು, ನನ್ನ ಜೊತೆ ಬರಲಿ ಬಿಡಿ, ಅಂದಿದ್ದ. ಅವನು ಅಂದ ಮೇಲೆ ಬಾಯಿ ತೆಗೆಯುವ ಧೈರ್ಯ ಯಾರಿಗಿತ್ತು?

"ಆಮೇಲಿಂದ ಯಾವಾಗಲೂ ಇಬ್ಬರೂ ಜೊತೆಗೇ?"

"ಅವಳಿಲ್ದಿದ್ರೆ ಅವನು ಚೀಲಾನೇ ಎತ್ತಲ್ಲ" ಎಂದ ಸ್ಪಿಂಕ್. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬದಲಾಯಿತು.

ಹನ್ನೊಂದು ಗಂಟೆಗೆ ಎಫಿ ಮತ್ತೆ ಠಾಣೆಯಲ್ಲಿ ಕೂತಿದ್ದಳು. ಇಮ್ರಿ ಟೆರ್ಪ್‌ಸ್ಟ್ರಾನ ಹೇಳಿಕೆಯನ್ನು ಓದಿ ಹೇಳಿದ. ತೊಂಬತ್ತನಾಲ್ಕು ಹೆಜ್ಜೆ ಎಂದೂ ಹೇಳಿದ. ಅವಳು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಇಮ್ರಿ ಕಾದ. ತನ್ನ ತಪ್ಪು ಮುಚ್ಚಿಡುವವರು ಇಷ್ಟು ಹೊತ್ತು ಸುಮ್ಮನಿರಲಾರರು.

"ಗಂಟೆ ಬಾರಿಸೋದು ನನ್ ಕೆಲಸ" ಎಂದಳು ಕೊನೆಗೆ. "ಎರಡು ವರ್ಷದಿಂದ ನಾನೇ ಬಾರಿಸ್ತಿದ್ದೆ. ಅವತ್ತು ಬಿಟ್ಟು ಹೋದೆ. ಹಾಗಂದ್ಮೇಲೆ ಬಾರಿಸಿದ್ದು ನಾನೇ ತಾನೆ?"

"ಎರಡು ವರ್ಷದಿಂದ ಯಾಕೆ ನೀನೇ?"

ಅವಳು ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು.

"ಎಫಿ, ಸೋಮವಾರ ನಿನ್ನ ಮೇಲೆ ಆರೋಪ ಹೊರಿಸ್ತಾರೆ. ಜೈಲಿಗೆ ಹೋಗ್ಬೇಕಾಗಬಹುದು. ರಾಬ್‌ನ ಹೆಂಡತಿ ಸಾಯೋವರೆಗೂ ನಿನ್ನ ಹೆಸರು ಹಿಡಿದು ಶಾಪ ಹಾಕ್ತಾಳೆ."

"ಹಾಕ್ಲಿ."

"ಅವಳಿಗೆ ನಿಜ ಗೊತ್ತಾಗೋದು ಬೇಡ್ವಾ?"

ಹುಡುಗಿ ಥಟ್ಟನೆ ತಲೆಯೆತ್ತಿದಳು. "ಅವರ ಹತ್ರ ಹೋಗ್ಬೇಡಿ ಸರ್."

ಯಾರ ಹತ್ತಿರ ಎಂದು ಇಮ್ರಿ ಕೇಳಬೇಕಾಗಲಿಲ್ಲ. ಅವಳೇ ಬಾಯಿ ಮುಚ್ಚಿಕೊಂಡಿದ್ದಳು. ಯೂಲ್ ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು.

*

ಡಾಡ್ ಲೌನಿಯ ಮನೆ ಬಂದರಿನ ಹಿಂದಿನ ಬೀದಿಯಲ್ಲಿತ್ತು. ಮಧ್ಯಾಹ್ನ ಎರಡು ಹತ್ತು. ಅವನೇ ಬಾಗಿಲು ತೆರೆದ. ಇಮ್ರಿ ಹೆಸರು ಹೇಳುವವರೆಗೆ ಅವನ ನೋಟ ಇಮ್ರಿಯ ಕಿವಿಯ ಪಕ್ಕಕ್ಕಿತ್ತು. ಒಳಗೆ ಎಲ್ಲವೂ ಒಪ್ಪವಾಗಿತ್ತು. ಒಲೆ ಹೊತ್ತಿಸುವ ಗುಂಡಿಗೆ ಯಾರೋ ಬಿಳಿ ಬಣ್ಣದ ಗೆರೆ ಎಳೆದಿದ್ದರು. ಮೇಜಿನ ಮೇಲೆ ರಟ್ಟಿನ ಕಾರ್ಡುಗಳ ಕಟ್ಟು. ಒಂದೊಂದರಲ್ಲೂ ದಪ್ಪ ಕಪ್ಪು ಮಸಿಯಲ್ಲಿ ಅಂಗೈಯಷ್ಟು ದೊಡ್ಡ ಅಂಕಿ. ಹದಿನೆಂಟು ಕುಳಿಗಳ ದೂರ. ಹೇಳಿಕೆಯ ಕೆಳಗೆ ಎಫಿ ಬರೆದಿದ್ದ ತಾರೀಖಿನ ಕೈಬರಹವೇ ಎಂದು ಯೂಲ್‌ಗೆ ಗುರುತು ಸಿಕ್ಕಿತು.

"ಗಂಟೆ ಬಾರಿಸಿದ್ದು ಯಾರು ಡಾಡ್?"

"ನಾನು."

ಅಷ್ಟು ಬೇಗ ಬರುತ್ತದೆಂದು ಇಮ್ರಿ ಎಣಿಸಿರಲಿಲ್ಲ. ಅವನು ಕಾನೂನಿನ ಎಚ್ಚರಿಕೆಯ ಮಾತುಗಳನ್ನು ಓದಿದ. ಯೂಲ್ ಸಮಯ ಬರೆದುಕೊಂಡಳು.

ಎರಡು ವರ್ಷದ ಹಿಂದೆಯೇ ವೈದ್ಯರು ಹೇಳಿದ್ದರಂತೆ, ಎರಡೂ ಕಣ್ಣಿನ ನಡುಭಾಗ ಹೋಗಿದೆ, ವಾಸಿಯಾಗುವುದಲ್ಲ, ಕೆಲಸ ಬಿಡಿ ಎಂದು. ಆ ಕಾಗದವನ್ನು ಅವನಿಗೆ ಓದಿ ಹೇಳಿದವಳು ಎಫಿ. ಅವತ್ತಿನಿಂದ ಅವಳು ಚೆಂಡು ಬಿದ್ದ ಜಾಗ ಹೇಳುತ್ತಿದ್ದಳು, ಇವನು ಅಲ್ಲಿಗೆ ನಡೆಯುತ್ತಿದ್ದ. ಗಂಟೆ ಮಾತ್ರ ತಾನೇ ಬಾರಿಸುತ್ತೇನೆ ಎಂದಿದ್ದಳು.

"ಮಂಗಳವಾರ ಅವಳಿಗೆ ಕಾಯಬಹುದಿತ್ತು" ಎಂದ ಇಮ್ರಿ.

"ಹಿಂದಿನೋರು ಕಾಯ್ತಿದ್ರು. ಗಿಡುಗ ಗಂಟೆ ಬಾರಿಸೋಕೆ ಹುಡುಗೀನ ಕೂಗಬೇಕಾ ಅನ್ನಿಸ್ತು." ಮುದುಕ ತನ್ನ ಟೊಪ್ಪಿಯನ್ನು ಮಂಡಿಯ ಮೇಲಿಟ್ಟು ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದ. "ಒಂದು ಸುತ್ತು ತಿರುಗಿದೆ, ಸರಿಯಾಗೇ ತಿರುಗಿದೆ. ನಂಗೆ ಪಕ್ಕದ್ದೆಲ್ಲ ಕಾಣತ್ತೆ ಸರ್. ನೇರ ಏನ್ ನೋಡ್ತೀನೋ ಅದು ಮಾತ್ರ ಕಾಣಲ್ಲ. ಅಲ್ಲಿ ಮಬ್ಬು. ರಾಬ್ ಬೆಳಿಗ್ಗೆ ಅಂಚು ಕಟ್ತೀನಿ ಅಂದಿದ್ದ, ನೆನಪಿತ್ತು. ಅದಕ್ಕೇ ಆ ಗುಂಡೀನ ಬೇರೆ ಎಲ್ಲಕ್ಕಿಂತ ಜಾಸ್ತಿ ನೋಡಿದೆ. ನೆಟ್ಟ ದೃಷ್ಟಿ ಇಟ್ಟು ನೋಡಿದೆ. ಯಾರೂ ಇರ್ಲಿಲ್ಲ."

ಹೊರಗೆ ಕಡಲಹಕ್ಕಿಗಳು ಕಿರುಚಾಡುತ್ತಿದ್ದವು.

"ಶೆಡ್ಡಲ್ಲಿ ಆ ಹುಡುಗಿ ಎದ್ದು ನಿಂತಾಗ ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ಮಾತಾಡಲಿಲ್ಲ."

"ಇನ್ನೇನ್ ಹೇಳಬೇಕು ಅಂತಿದ್ದೆ. ಒಂದು ಉಸಿರಿನಷ್ಟು ತಡ ಆಯ್ತು. ಆ ಹೊತ್ತಿಗೆ ಯಾರೋ ಹೆಂಗಸರ ಮಾತೆತ್ತಿದ್ರು, ವಾಟಿ ಬೈದ, ನೀವು ಕರ್ಕೊಂಡ್ ಹೋದ್ರಿ. ಆಮೇಲೆ ಹೇಳಿದ್ರೆ, ಆಗ್ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರೆ. ರಾತ್ರಿ ಕಳೀತು. ಇನ್ನೊಂದು ದಿನ ಕಳೀತು. ಸುಮ್ನಿರೋದು ಸುಲಭ ಆಗ್ತಾ ಹೋಯ್ತು ಸರ್." ಅವನು ತಲೆಯೆತ್ತಿ ಇಮ್ರಿಯ ಭುಜದಾಚೆ ಎಲ್ಲೋ ನೋಡಿದ, ಇಮ್ರಿಯ ಮುಖ ಕಾಣಲೆಂದೇ ಹಾಗೆ ನೋಡಿದ್ದು ಎಂಬುದು ಇಮ್ರಿಗೆ ಈಗ ಅರ್ಥವಾಯಿತು. "ಅವಳು ಬಂದು ಕೇಳಿದ್ಲು, ಮುದುಕಪ್ಪ, ನೀನ್ ಬಾಯಿ ಬಿಡ್ಬೇಡ, ನಂಗೆ ಇನ್ನೂ ವಯಸ್ಸಿದೆ, ಬೇರೆ ಕೆಲಸ ಸಿಗತ್ತೆ ಅಂತ. ಬೇಡ ಅನ್ನೋಕೂ ಬಾಯಿ ಬರ್ಲಿಲ್ಲ ನಂಗೆ."

ಎರಡು ಐವತ್ತಕ್ಕೆ ಬಂಧನ. ಬೇಜವಾಬ್ದಾರಿಯಿಂದಾದ ನರಹತ್ಯೆ, ಪೊಲೀಸರಿಂದ ಸತ್ಯ ಮರೆಮಾಚಿದ್ದು. ಕಾರಿನವರೆಗೆ ಯೂಲ್ ತೋಳು ಹಿಡಿಯಲು ಹೋದಳು. ಅವನು ಬಿಡಿಸಿಕೊಂಡು ತಾನೇ ನಡೆದ. ಬೀದಿಯ ಆಚೆ ನಿಂತಿದ್ದ ಇಬ್ಬರು ಕ್ಯಾಡಿಗಳು, ಏನಾಯ್ತೋ ಗಿಡುಗ, ಎಂದು ಕೂಗಿದರು. ಅವನು ಧ್ವನಿ ಬಂದ ಕಡೆಗೆ ಕೈಯೆತ್ತಿದ.

ಸಂಜೆ ಇಮ್ರಿ ಇಷ್ಬೆಲ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಈ ಸಲ ಅವಳು ಕೂತಿದ್ದಳು. ಡಾಡ್ ತನ್ನ ಮದುವೆಯಲ್ಲಿ ಹಾಡಿದವನು ಎಂದಳು. ಇಮ್ರಿ ಹೊರಡುವಾಗ, ಆ ಹುಡುಗಿ ಬೀಗದಕೈ ವಾಪಸು ಕೊಡುವುದೇನೂ ಬೇಡ, ಅವಳ ಹತ್ತಿರವೇ ಇರಲಿ, ಎಂದಳು.

ಇಮ್ರಿ ಠಾಣೆಗೆ ಮರಳಿದಾಗ ಎಫಿ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಯಾರೂ ಕರೆಸಿರಲಿಲ್ಲ. ಸುಳ್ಳು ಹೇಳಿಕೆಯ ವಿಷಯವನ್ನು ಅಭಿಯೋಜಕರು ನೋಡಿಕೊಳ್ಳುತ್ತಾರೆ, ದೊಡ್ಡದೇನೂ ಆಗಲಿಕ್ಕಿಲ್ಲ, ನೀನು ಮನೆಗೆ ಹೋಗಬಹುದು, ಎಂದು ಅವನು ಹೇಳಿದ. ಒಂದು ಒಳ್ಳೆಯ ಮಾತೂ ಹೇಳಬೇಕೆಂದುಕೊಂಡ. ಅವಳ ಮುಖ ನೋಡಿ ಸುಮ್ಮನಾದ. ಅಲ್ಲಿ ಬಿಡುಗಡೆಯ ಗುರುತೇ ಇರಲಿಲ್ಲ.

"ಸೋಮವಾರದವರೆಗೆ ಅವರು ಇಲ್ಲೇನಾ?" ಎಂದು ಕೇಳಿದಳು.

"ಹೂಂ."

"ಕೋಣೆ ಒಳಗೆ ಮೆಟ್ಟಿಲಿದೆಯಾ? ಮಂಚ ಎಲ್ಲಿದೆ, ನೀರು ಎಲ್ಲಿದೆ, ಅವರಿಗೆ ಹೇಳಿದ್ರಾ?"

ಇಮ್ರಿ ಒಳಗೆ, ಲಾಕಪ್ಪಿನ ಕಡೆಗೆ ಹೋದ. ಬಾಗಿಲಿನ ಸಣ್ಣ ಕಿಂಡಿಯಿಂದ ನೋಡಿದ. ಮುದುಕನನ್ನು ಒಳಗೆ ಬಿಟ್ಟು ಬೀಗ ಹಾಕಿ ಮೂರು ಗಂಟೆಯಾಗಿತ್ತು. ಡಾಡ್ ಲೌನಿ ಬಾಗಿಲಿನಿಂದ ಒಂದೇ ಹೆಜ್ಜೆ ಒಳಗೆ, ಬಿಟ್ಟಲ್ಲೇ ನಿಂತಿದ್ದ. ಟೊಪ್ಪಿ ಕೈಯಲ್ಲಿತ್ತು. ಮಂಚ ಅವನ ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎಲ್ಲಿದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ.